ಐಫೋನ್‌ನಿಂದ ಆಂಡ್ರಾಯ್ಡ್‌ಗೆ: ಯಾವ ಗಂಟು ಮೊದಲು ಬಿಚ್ಚಬೇಕು

ವರ್ಷಗಟ್ಟಲೆ ಐಫೋನ್ ಬಳಸಿದವರು ಆಂಡ್ರಾಯ್ಡ್‌ಗೆ ಹೊರಟಾಗ ಮೊದಲು ಚಿಂತೆ ಮಾಡುವುದು ಫೋಟೊಗಳ ಬಗ್ಗೆ. ಫೋಟೊ ಸಾಗಿಸುವುದು ನಿಧಾನದ ಕೆಲಸ, ಕಷ್ಟದ್ದಲ್ಲ. ಇವತ್ತು ತಪ್ಪಿದರೆ ನಾಳೆ ಮತ್ತೆ ಮಾಡಬಹುದು. ಕೈಕೊಡುವುದು ಕಣ್ಣಿಗೆ ಕಾಣದ ಕೊಂಡಿಗಳು: ನಂಬರಿಗೆ ಅಂಟಿಕೊಂಡ ಐಮೆಸೇಜ್ (ಆ್ಯಪಲ್‌ನ ಸ್ವಂತ ಸಂದೇಶ ಸೇವೆ), ಲಾಗಿನ್ ಕೋಡ್‌ಗಳು, ಪಾಸ್‌ಕೀಗಳು (ಪಾಸ್‌ವರ್ಡ್ ಬದಲು ಬೆರಳಚ್ಚು, ಮುಖದ ಗುರುತಿನಿಂದ ಒಳಬಿಡುವ ಕೀಲಿಗಳು), ವಾಟ್ಸಾಪ್‌ನ ಹಳೆಯ ಚಾಟ್‌ಗಳು. ಇವುಗಳಲ್ಲಿ ಹೆಚ್ಚಿನವು ಹಳೆಯ ಫೋನ್ ಚಾಲ್ತಿಯಲ್ಲಿರುವಾಗ ಸುಲಭವಾಗಿ ಬಿಚ್ಚಿಕೊಳ್ಳುತ್ತವೆ, ಆಮೇಲೆ ಸತಾಯಿಸುತ್ತವೆ. ಹಾಗಾಗಿ ಹೊಸ ಫೋನ್ ಆನ್ ಮಾಡುವುದಕ್ಕೆ ಒಂದು ವಾರ ಮೊದಲೇ ನಾನು ಹಳೆಯ ಐಫೋನ್ ಮೇಲೆ ಕೆಲಸ ಶುರು ಮಾಡಿದೆ. ಸಿಮ್ ತೆಗೆದದ್ದು ಕೊನೆಗೆ.

ಮೊದಲು ಪಾಸ್‌ವರ್ಡ್‌ಗಳು. ಮ್ಯಾಕ್ ಇದ್ದರೆ ಅದರ ಪಾಸ್‌ವರ್ಡ್ಸ್ ಆ್ಯಪ್‌ನಲ್ಲಿ ಫೈಲ್ ಮೆನುವಿನಿಂದ ಎಲ್ಲವನ್ನೂ ಒಂದು ಸಿಎಸ್‌ವಿ (ಸರಳ ಪಟ್ಟಿಯ) ಫೈಲಾಗಿ ಎಕ್ಸ್‌ಪೋರ್ಟ್ ಮಾಡಬಹುದು. ಅದನ್ನು ಕ್ರೋಮ್‌ನಲ್ಲಿ ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್‌ಗೆ ಇಂಪೋರ್ಟ್ ಮಾಡಿದರೆ ಹೆಸರು, ವಿಳಾಸ, ಪಾಸ್‌ವರ್ಡ್ ಬಂದು ಕೂರುತ್ತವೆ. ಎರಡು ಸಂಗತಿ ಮಾತ್ರ ಹಿಂದೆಯೇ ಉಳಿಯುತ್ತವೆ. ಒಂದು, ಪಾಸ್‌ಕೀಗಳು. ಅವು ಸಿಎಸ್‌ವಿಯಲ್ಲಿ ಬರುವುದೇ ಇಲ್ಲ. ಪಾಸ್‌ಕೀ ಇಟ್ಟ ಪ್ರತಿ ಖಾತೆಗೂ ಹಳೆಯ ಫೋನ್ ಇರುವಾಗಲೇ ಒಳಗೆ ಹೋಗಿ, ಪಾಸ್‌ವರ್ಡ್ ಅಥವಾ ಎಸ್‌ಎಂಎಸ್‌ನಂಥ ಇನ್ನೊಂದು ದಾರಿ ತೆರೆದಿದೆಯೇ ಎಂದು ನೋಡಿ, ಹೊಸ ಫೋನ್ ಬಂದ ಮೇಲೆ ಹೊಸ ಪಾಸ್‌ಕೀ ಸೃಷ್ಟಿಸಬೇಕು. ಎರಡನೆಯದು, ಲಾಗಿನ್ ಆಗುವಾಗ ಪಾಸ್‌ವರ್ಡ್ ಜೊತೆ ಕೇಳುವ, ಆಗಾಗ ಬದಲಾಗುವ ಆರಂಕಿಯ ಕೋಡ್‌ಗಳು. ಆ್ಯಪಲ್‌ನ ಸಿಎಸ್‌ವಿಯಲ್ಲಿ ಇವಕ್ಕೆ ಒಂದು ಪ್ರತ್ಯೇಕ ಕಾಲಂ ಇದೆ, ಆದರೆ ಗೂಗಲ್‌ನ ಮ್ಯಾನೇಜರ್ ಅದನ್ನು ಬಿಟ್ಟುಬಿಡುತ್ತದೆ. ಆ ಕಾಲಂನ ಸಾಲಿನಲ್ಲಿ ‘ಸೀಕ್ರೆಟ್’ ಎಂಬುದರ ಮುಂದಿರುವ ಅಕ್ಷರಮಾಲೆಯನ್ನು ಹೊಸ ಫೋನಿನ ಅಥೆಂಟಿಕೇಟರ್ ಆ್ಯಪ್‌ನಲ್ಲಿ (ಈ ಕೋಡ್‌ಗಳನ್ನು ತೋರಿಸುವ ಆ್ಯಪ್) ‘ಸೆಟಪ್ ಕೀ’ ಎಂಬ ಜಾಗದಲ್ಲಿ ಅಂಟಿಸಿದರೆ ಅದೇ ಕೋಡ್ ಅಲ್ಲೂ ಓಡುತ್ತದೆ. ಹಳೆಯದರಲ್ಲೂ ಹೊಸದರಲ್ಲೂ ಒಂದೇ ಸಂಖ್ಯೆ ಬರುತ್ತಿದೆಯೇ ಎಂದು ಅಕ್ಕಪಕ್ಕ ಇಟ್ಟು ನೋಡಿ. ಬೇರೆಯಾಗಿದ್ದರೆ ಬಹುತೇಕ ಯಾವುದೋ ಒಂದು ಫೋನಿನ ಗಡಿಯಾರ ಸ್ವಯಂಚಾಲಿತ ಸಮಯಕ್ಕೆ ಹೊಂದಿಕೊಂಡಿರುವುದಿಲ್ಲ. ಕೋಡ್‌ಗಳು ಗೂಗಲ್ ಅಥೆಂಟಿಕೇಟರ್‌ನಲ್ಲೇ ಇದ್ದರೆ ಇಷ್ಟೆಲ್ಲ ಬೇಡ, ಅದರಲ್ಲಿ ಖಾತೆ ವರ್ಗಾಯಿಸುವ ಕ್ಯೂಆರ್ ಕೋಡ್ ಇದೆ. ಕೆಲಸ ಮುಗಿದ ಕೂಡಲೇ ಸಿಎಸ್‌ವಿಯನ್ನು ಅಳಿಸಿ, ಕಸದ ಬುಟ್ಟಿಯಿಂದಲೂ. ಅದರೊಳಗೆ ಎಲ್ಲವೂ ಬರಿಗಣ್ಣಿಗೆ ಓದುವಂತೆ ಇರುತ್ತದೆ.

ಇದರ ಜೊತೆಗೇ ನೋಡಬೇಕಾದದ್ದು ‘ಸೈನ್ ಇನ್ ವಿತ್ ಆ್ಯಪಲ್’ ಮೂಲಕ ತೆರೆದ ಖಾತೆಗಳು. ಇಮೇಲ್ ಮರೆಮಾಡುವ ಆಯ್ಕೆ ಒತ್ತಿದ್ದರೆ ಆ ಸೇವೆಯವರ ಹತ್ತಿರ ಇರುವುದು ನಿಮ್ಮ ವಿಳಾಸವಲ್ಲ, ಬಂದ ಮೇಲ್ ಅನ್ನು ನಿಮಗೆ ದಾಟಿಸಲು ಆ್ಯಪಲ್ ಹುಟ್ಟುಹಾಕಿದ ಒಂದು ವಿಳಾಸ. ಪಟ್ಟಿ ಐಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರಿನ ಕೆಳಗೇ ಸಿಗುತ್ತದೆ. ಬೇಕಾದ ಖಾತೆಗಳೊಳಗೆ ಹೋಗಿ ಸ್ವಂತ ಇಮೇಲ್ ಮತ್ತು ಒಂದು ಪಾಸ್‌ವರ್ಡ್ ಹಾಕಿಬಿಡಿ. ಬೇಸರದ ಕೆಲಸ ನಿಜ, ಆದರೆ ಆಂಡ್ರಾಯ್ಡ್ ಆ್ಯಪ್‌ಗಳಲ್ಲಿ ಆ್ಯಪಲ್ ಬಟನ್ ಎಲ್ಲ ಕಡೆಯೂ ಇರುವುದಿಲ್ಲ. ಆ್ಯಪಲ್ ಖಾತೆಗೇ ಲಾಗಿನ್ ಆಗುವ ಕೋಡ್ ಎಲ್ಲಿಗೆ ಬರುತ್ತದೆ ಎಂಬುದನ್ನೂ ನೋಡಿಕೊಳ್ಳಿ. ಕೈಯಲ್ಲಿ ಬೇರೆ ಆ್ಯಪಲ್ ಸಾಧನ ಉಳಿಯದಿದ್ದರೆ ನಂಬಿಕಸ್ತ ಫೋನ್ ನಂಬರಿಗೆ ಬರುವ ಎಸ್‌ಎಂಎಸ್ ಒಂದೇ ಗತಿ. ಅಲ್ಲಿ ಎರಡನೇ ನಂಬರ್ ಸೇರಿಸಿಟ್ಟರೆ ಕ್ಷೇಮ.

ಈಗ ಫೋಟೊ. ಐಕ್ಲೌಡ್ ಫೋಟೋಸ್ ಆನ್ ಇದ್ದು, ಅದರಲ್ಲಿ ‘ಆಪ್ಟಿಮೈಸ್ ಐಫೋನ್ ಸ್ಟೋರೇಜ್’ ಆಯ್ಕೆಯಾಗಿದ್ದರೆ ಫೋನಿನಲ್ಲಿರುವುದು ಬಹುಪಾಲು ಚಿಕ್ಕ ಪ್ರತಿಗಳು. ಮೂಲ ಚಿತ್ರಗಳು ಐಕ್ಲೌಡ್‌ನಲ್ಲಿವೆ. ಕೇಬಲ್ ಹಾಕಿ ಸಾಗಿಸಿದವರಿಗೆ ಅರ್ಧ ಫೋಟೊ ಬಂದೇ ಇಲ್ಲ ಅಥವಾ ಮಸುಕಾಗಿ ಬಂದಿವೆ ಅನ್ನಿಸುವುದು ಇದರಿಂದಲೇ. ದಾರಿ ಎರಡು. ಫೋನಿನಲ್ಲಿ ಜಾಗವಿದ್ದರೆ ‘ಡೌನ್‌ಲೋಡ್ ಅಂಡ್ ಕೀಪ್ ಒರಿಜಿನಲ್ಸ್’ ಒತ್ತಿ ಚಾರ್ಜಿಗೆ ಹಾಕಿ ರಾತ್ರಿಯಿಡೀ ಬಿಡುವುದು. ಜಾಗವಿಲ್ಲದಿದ್ದರೆ ಆ್ಯಪಲ್‌ನ ‘ಡೇಟಾ ಅಂಡ್ ಪ್ರೈವಸಿ’ ಪುಟದಿಂದ ಐಕ್ಲೌಡ್‌ನ ಚಿತ್ರಗಳನ್ನು ನೇರವಾಗಿ ಗೂಗಲ್ ಫೋಟೋಸ್‌ಗೆ ನಕಲು ಮಾಡಿಸುವುದು. ಎರಡನೆಯದಕ್ಕೆ 3ರಿಂದ 7 ದಿನ ಹಿಡಿಯುತ್ತದೆ, ಐಕ್ಲೌಡ್‌ನಲ್ಲಿ ಇರುವುದು ಅಳಿಯುವುದಿಲ್ಲ. ನಾನು ಹಿಡಿದದ್ದು ಈ ದಾರಿ. ಒಂದು ವಾರ ಮುಂಚೆ ಶುರು ಮಾಡಿದ್ದಕ್ಕೆ ಇದೂ ಕಾರಣ.

ಇದರ ಮಿತಿಗಳನ್ನು ಗೊತ್ತುಮಾಡಿಕೊಂಡೇ ಒತ್ತಬೇಕು. ಎಡಿಟ್ ಮಾಡಿದ ಚಿತ್ರದ ಕೊನೆಯ ರೂಪ ಮಾತ್ರ ಹೋಗುತ್ತದೆ, ಮೂಲ ಹೋಗುವುದಿಲ್ಲ. ಲೈವ್ ಫೋಟೋಗಳು, ಸ್ಮಾರ್ಟ್ ಆಲ್ಬಮ್‌ಗಳು ದಾಟದೇ ಇರಬಹುದು. ಲೈವ್ ಫೋಟೊ ಅಂದರೆ ಒಂದು ಸ್ಥಿರ ಚಿತ್ರ ಮತ್ತು ಕ್ಲಿಕ್ಕಿನ ಹಿಂದೆ ಮುಂದೆ ಒಂದೂವರೆ ಸೆಕೆಂಡಿನ ವಿಡಿಯೊ. ಅದನ್ನು ಉಳಿಸಿಕೊಳ್ಳಬೇಕಾದರೆ ಐಫೋನ್‌ನಲ್ಲೇ ಗೂಗಲ್ ಫೋಟೋಸ್ ಆ್ಯಪ್ ಹಾಕಿ ಅಲ್ಲಿಂದ ಬ್ಯಾಕಪ್ ಮಾಡಿ. ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ, ಅದೂ ಜಿಮೇಲ್ ಮತ್ತು ಡ್ರೈವ್ ಜೊತೆ ಹಂಚಿಕೊಂಡು. ಜಾಗ ತುಂಬಿದರೆ ವರ್ಗಾವಣೆ ನಡುವೆಯೇ ನಿಲ್ಲುತ್ತದೆ, ಆದ್ದರಿಂದ ಮೊದಲೇ ಎಣಿಸಿಕೊಳ್ಳಿ. ಚಿತ್ರಗಳು ಐಫೋನ್ ಬಳಸುವ ಎಚ್‌ಇಐಸಿ ರೂಪದಲ್ಲಿವೆ ಎಂದು ಹೆದರಬೇಕಿಲ್ಲ, ಆಂಡ್ರಾಯ್ಡ್ 9ರಿಂದೀಚೆಗೆ ಅವು ತೆರೆದುಕೊಳ್ಳುತ್ತವೆ. ಹಳೆಯ ಕಂಪ್ಯೂಟರಿಗೆ ಕಳಿಸುವ ಅಭ್ಯಾಸವಿದ್ದರೆ ಮಾತ್ರ ಕಷ್ಟ.

ಸಂಪರ್ಕಗಳ ಬಗ್ಗೆ ಹೇಳುವುದು ಕಡಿಮೆ. ಐಕ್ಲೌಡ್ ವೆಬ್‌ಸೈಟಿನಲ್ಲಿ ಎಲ್ಲವನ್ನೂ ಆಯ್ದು ವಿಕಾರ್ಡ್ (ಸಂಪರ್ಕಗಳ ಫೈಲ್) ಆಗಿ ಇಳಿಸಿಕೊಳ್ಳಿ, ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿ ಇಂಪೋರ್ಟ್ ಮಾಡಿ. ಒಂದೇ ಹೆಸರು ಎರಡೆರಡು ಸಲ ಬಂದರೆ ‘ಮರ್ಜ್ ಅಂಡ್ ಫಿಕ್ಸ್’ ಒತ್ತಿದರಾಯಿತು. ಕ್ಯಾಲೆಂಡರ್ ಫೈಲನ್ನು ಗೂಗಲ್‌ಗೆ ಸೇರಿಸುವುದು ಮಾತ್ರ ಕಂಪ್ಯೂಟರಿನಲ್ಲಿ ಮಾಡುವ ಕೆಲಸ, ಫೋನಿನ ಆ್ಯಪ್‌ನಲ್ಲಿ ಆ ಆಯ್ಕೆ ಹುಡುಕಬೇಡಿ.

ಹೆಚ್ಚು ಎಚ್ಚರ ಬೇಕಾದದ್ದು ವಾಟ್ಸಾಪ್‌ಗೆ. ಐಕ್ಲೌಡ್‌ನಲ್ಲಿರುವ ವಾಟ್ಸಾಪ್ ಬ್ಯಾಕಪ್ ಆಂಡ್ರಾಯ್ಡ್‌ನಲ್ಲಿ ತೆರೆಯುವುದಿಲ್ಲ. ‘ಬ್ಯಾಕಪ್ ಇದೆಯಲ್ಲ’ ಎಂದು ಧೈರ್ಯವಾಗಿ ಐಫೋನ್ ಅಳಿಸಿದವರು ಇಲ್ಲೇ ಸಿಕ್ಕಿಬೀಳುವುದು. ಚಾಟ್ ದಾಟುವುದು ಕೇಬಲ್ ಮೂಲಕ, ಹೊಸ ಫೋನನ್ನು ಮೊದಲ ಸಲ ಸೆಟಪ್ ಮಾಡುವಾಗ. ಆ ಹಂತ ದಾಟಿಸಿ ಮುಂದೆ ಹೋಗಿದ್ದರೆ ಹೊಸ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿ ಮತ್ತೆ ಬರುವುದೇ ಖಚಿತವಾದ ಉಪಾಯ. ಐಫೋನ್ 14 ಮತ್ತು ಅದಕ್ಕಿಂತ ಹಳೆಯದಕ್ಕೆ ಒಂದು ತುದಿ ಲೈಟ್ನಿಂಗ್, ಇನ್ನೊಂದು ತುದಿ ಯುಎಸ್‌ಬಿ-ಸಿ ಇರುವ ಕೇಬಲ್ ಬೇಕು. 15ರಿಂದ ಎರಡೂ ತುದಿ ಯುಎಸ್‌ಬಿ-ಸಿ. ಚಾರ್ಜಿಂಗ್‌ಗೆ ಮಾತ್ರ ಆಗುವ ಅಗ್ಗದ ಕೇಬಲ್‌ಗಳಿವೆ, ಅವುಗಳಲ್ಲಿ ಡೇಟಾ ತಂತಿ ಇರುವುದಿಲ್ಲ. ಫೋನ್ ಚಾರ್ಜ್ ಆಗುತ್ತದೆ, ಆದರೆ ‘ಈ ಕಂಪ್ಯೂಟರನ್ನು ನಂಬಬೇಕೆ’ ಎಂಬ ಪ್ರಶ್ನೆ ಐಫೋನ್‌ನಲ್ಲಿ ಮೂಡುವುದಿಲ್ಲ. ಪ್ರಶ್ನೆ ಮೂಡದಿದ್ದರೆ ಮೊದಲು ಕೇಬಲ್ ಬದಲಿಸಿ.

ಎರಡೂ ಕಡೆ ವಾಟ್ಸಾಪ್ ಅಪ್‌ಡೇಟ್ ಆಗಿರಲಿ, ಬ್ಯಾಟರಿ ಪೂರ್ತಿ ಇರಲಿ, ಐಫೋನ್‌ನ ಆಟೋ ಲಾಕ್ ‘ನೆವರ್’ ಆಗಿರಲಿ. ಸೆಟಪ್ ನಡುವೆ ಹೊಸ ಫೋನ್ ಒಂದು ಕ್ಯೂಆರ್ ಕೋಡ್ ತೋರಿಸುತ್ತದೆ. ಅದನ್ನು ಐಫೋನ್‌ನ ಕ್ಯಾಮೆರಾದಿಂದ ಸ್ಕ್ಯಾನ್ ಮಾಡಿದರೆ ವಾಟ್ಸಾಪ್ ತೆರೆದು ಚಾಟ್‌ಗಳನ್ನು ಸಿದ್ಧಪಡಿಸತೊಡಗುತ್ತದೆ. ಆ ಪರದೆಯನ್ನು ಬಿಟ್ಟು ಬೇರೆ ಆ್ಯಪ್‌ಗೆ ಹೋಗಬೇಡಿ. ಮುಗಿದ ಮೇಲೆ ಹೊಸ ಫೋನಿನಲ್ಲಿ ಅದೇ ನಂಬರಿನಿಂದ ಲಾಗಿನ್ ಆಗಿ, ಕೇಳಿದಾಗ ‘ಇಂಪೋರ್ಟ್’ ಒತ್ತಿ. ನಂಬರ್ ಬದಲಿಸುವ ಯೋಚನೆ ಇದ್ದರೆ ಅದನ್ನು ಇದಾದ ಮೇಲೆ ಇಟ್ಟುಕೊಳ್ಳಿ. ಕರೆಗಳ ಇತಿಹಾಸ ಬರುವುದಿಲ್ಲ. ಐಫೋನ್‌ನಲ್ಲಿರುವ ಚಾಟ್‌ಗಳು ನೀವಾಗಿ ಅಳಿಸುವವರೆಗೆ ಅಲ್ಲೇ ಇರುತ್ತವೆ, ಹೊಸದರಲ್ಲಿ ಹಳೆಯ ಗುಂಪುಗಳ ಫೋಟೊಗಳೂ ತೆರೆಯುತ್ತವೆಯೇ ಎಂದು ಪರೀಕ್ಷಿಸುವವರೆಗೆ ಅಳಿಸಬೇಡಿ.

ಇನ್ನು ಐಮೆಸೇಜ್. ಸಿಮ್ ತೆಗೆಯುವ ಮೊದಲು ಐಫೋನ್‌ನಲ್ಲಿ ಐಮೆಸೇಜ್ ಮತ್ತು ಫೇಸ್‌ಟೈಮ್ ಎರಡನ್ನೂ ಆಫ್ ಮಾಡಿ. ಮಾಡದಿದ್ದರೆ ಐಫೋನ್ ಇಟ್ಟುಕೊಂಡ ಸ್ನೇಹಿತರು ಕಳಿಸಿದ ಸಂದೇಶ ಆ್ಯಪಲ್‌ನ ಜಾಲದೊಳಗೇ ಉಳಿದು ನಿಮ್ಮ ಹೊಸ ಫೋನಿಗೆ ಬರುವುದೇ ಇಲ್ಲ. ಕಳಿಸಿದವರಿಗೆ ಅದು ಹೋಗಿದೆ ಎಂದೇ ಅನ್ನಿಸುತ್ತದೆ, ನಿಮಗೆ ಅವರು ಬರೆದೇ ಇಲ್ಲ ಎಂದು. ಫೋನ್ ಆಗಲೇ ಕೈತಪ್ಪಿದ್ದರೆ ಆ್ಯಪಲ್‌ನ ಐಮೆಸೇಜ್ ನೋಂದಣಿ ರದ್ದತಿ ಪುಟದಲ್ಲಿ ನಂಬರ್ ಕೊಟ್ಟು, ಎಸ್‌ಎಂಎಸ್‌ನಲ್ಲಿ ಬರುವ ಕೋಡ್ ತುಂಬಿದರೆ ಬಿಡುಗಡೆ. ಐಪ್ಯಾಡ್, ಮ್ಯಾಕ್ ಇನ್ನೂ ಇದ್ದರೆ ಅಲ್ಲಿಯೂ ನಂಬರಿನ ಗುರುತು ತೆಗೆಯಿರಿ. ಹಳೆಯ ಗುಂಪು ಸಂಭಾಷಣೆಗಳು ಇಷ್ಟಾದರೂ ಹಟ ಮಾಡುತ್ತವೆ. ಅದಕ್ಕೆ ಯಾರಾದರೂ ಒಬ್ಬರು ಹೊಸ ಗುಂಪು ತೆರೆಯಲೇಬೇಕು.

ಆ್ಯಪಲ್ ವಾಚ್ ಆಂಡ್ರಾಯ್ಡ್‌ಗೆ ಜೋಡಣೆಯಾಗುವುದಿಲ್ಲ, ಅದನ್ನು ಮಾರುವುದೋ ಕೊಡುವುದೋ ಆದರೆ ಐಫೋನ್‌ನ ವಾಚ್ ಆ್ಯಪ್‌ನಿಂದಲೇ ಅನ್‌ಪೇರ್ ಮಾಡಿ; ಆಗ ಸಾಧನವನ್ನು ನಿಮ್ಮ ಆ್ಯಪಲ್ ಖಾತೆಗೆ ಕಟ್ಟಿಹಾಕುವ ಆಕ್ಟಿವೇಶನ್ ಲಾಕ್ ತಾನಾಗಿ ಹೋಗುತ್ತದೆ. ಏರ್‌ಪಾಡ್ಸ್ ಸಾಮಾನ್ಯ ಬ್ಲೂಟೂತ್ ಇಯರ್‌ಫೋನ್ ಆಗಿ ನಡೆಯುತ್ತವೆ. ಆ್ಯಪ್ ಸ್ಟೋರ್ ಮೂಲಕ ಹಣ ಕಟ್ಟುತ್ತಿರುವ ಚಂದಾಗಳನ್ನು ನವೀಕರಣಕ್ಕೆ ಕನಿಷ್ಠ 24 ಗಂಟೆ ಮೊದಲು ರದ್ದುಮಾಡಿ. ಫೋನ್ ಬದಲಾದ ಮಾತ್ರಕ್ಕೆ ಅವು ನಿಲ್ಲುವುದಿಲ್ಲ. ಖರೀದಿಸಿದ ಆ್ಯಪ್‌ಗಳು ದಾಟುವುದಿಲ್ಲ, ಬೇಕಿದ್ದರೆ ಮತ್ತೆ ಕೊಳ್ಳಬೇಕು. ಬ್ರ್ಯಾಂಡಿನ ನಿಷ್ಠೆ ಎಂದು ನಾವು ಕರೆಯುವುದರಲ್ಲಿ ಎಷ್ಟೋ ಪಾಲು ಈ ಲೆಕ್ಕವೇ.

ಹೊಸ ಫೋನಿಗೆ ಬಂದ ಮೇಲೆ ಮೊದಲ ವಾರದ ದೂರು ಒಂದೇ: ಸಂದೇಶಗಳು ತಡವಾಗಿ ಬರುತ್ತವೆ, ಆ್ಯಪ್ ತೆರೆದಾಗ ಒಟ್ಟಿಗೆ ಸುರಿಯುತ್ತವೆ. ಕೆಲವು ತಯಾರಕರು ಬ್ಯಾಟರಿ ಉಳಿಸಲು ಹಿನ್ನೆಲೆಯ ಆ್ಯಪ್‌ಗಳನ್ನು ಮಲಗಿಸಿಬಿಡುವುದೇ ಇದಕ್ಕೆ ಕಾರಣ. ಆ ಆ್ಯಪ್‌ನ ಮಾಹಿತಿ ಪುಟದಲ್ಲಿ ಬ್ಯಾಟರಿ ವಿಭಾಗಕ್ಕೆ ಹೋಗಿ ‘ಅನ್‌ರಿಸ್ಟ್ರಿಕ್ಟೆಡ್’ ಆಯ್ಕೆ ಮಾಡಿ. ಮೆಸೇಜಿಂಗ್, ಇಮೇಲ್, ಅಲಾರ್ಮ್‌ಗಳಿಗೆ ಮಾತ್ರ ಮಾಡಿದರೆ ಸಾಕು, ಎಲ್ಲಕ್ಕೂ ಮಾಡಿದರೆ ಬ್ಯಾಟರಿ ಸಂಜೆಗೆ ಮುಗಿಯುತ್ತದೆ. ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್‌ಗೂ ಅನುಮತಿ ಕೇಳುತ್ತದೆ. ಅವಸರದಲ್ಲಿ ‘ಬೇಡ’ ಒತ್ತಿದ್ದೀರಾ ಎಂದೂ ನೋಡಿ. ಬೆರಳಿನ ಅಭ್ಯಾಸಕ್ಕೆ ಸ್ವಲ್ಪ ದಿನ ಬೇಕು: ಐಫೋನ್‌ನಲ್ಲಿ ಎಡ ಅಂಚಿನಿಂದ ಎಳೆದರೆ ಹಿಂದೆ, ಇಲ್ಲಿ ಎರಡೂ ಅಂಚಿನಿಂದ.

ಬ್ಯಾಂಕ್ ಆ್ಯಪ್‌ಗಳು ಸಾಧನಕ್ಕೆ ಕಟ್ಟಿಕೊಂಡಿರುತ್ತವೆ, ಪ್ರತಿಯೊಂದನ್ನೂ ಹೊಸದಾಗಿ ನೋಂದಾಯಿಸಿ. ಇ-ಸಿಮ್ ಇದ್ದರೆ ಹೊಸ ಕ್ಯೂಆರ್ ಕೋಡ್ ಕೈಗೆ ಬರುವವರೆಗೆ ಐಫೋನ್‌ನಿಂದ ಅಳಿಸಬೇಡಿ.

ಐಫೋನನ್ನು ಕನಿಷ್ಠ ಒಂದು ತಿಂಗಳು ಹಾಗೇ ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ಮಾತ್ರ ತೆರೆಯುವ ಯಾವುದೋ ಖಾತೆಯ ಕೋಡ್ ಅದರಲ್ಲೇ ಉಳಿದಿರುತ್ತದೆ. ಆಮೇಲೆ ಐಕ್ಲೌಡ್‌ನಿಂದ ಸೈನ್ ಔಟ್ ಆಗಿ, ‘ಫೈಂಡ್ ಮೈ’ ಆಫ್ ಆಗಿದೆಯೇ ನೋಡಿ, ‘ಎರೇಸ್ ಆಲ್ ಕಂಟೆಂಟ್ ಅಂಡ್ ಸೆಟ್ಟಿಂಗ್ಸ್’ ಒತ್ತಿ. ಫೋನ್ ಮತ್ತೆ ಆನ್ ಆಗಿ ‘ಹಲೋ’ ತೋರಿಸಿದ ಮೇಲೆ ವೈಫೈ ಕೊಟ್ಟು ಒಂದೆರಡು ಹೆಜ್ಜೆ ಮುಂದೆ ಹೋಗಿ ನೋಡಿ. ಹಳೆಯ ಖಾತೆಯ ಪಾಸ್‌ವರ್ಡ್ ಕೇಳಿದರೆ ಲಾಕ್ ಇನ್ನೂ ಹೋಗಿಲ್ಲ, ಇನ್ನೊಬ್ಬರ ಕೈಗೆ ಕೊಡುವ ಹಾಗಿಲ್ಲ.