ಕರಿಮೆಣಸಿನ ಕಾಳಿನಷ್ಟು ಬಸವನಹುಳು: ಕಡಲಬಂಡೆಯಲ್ಲಿ ಹುಡುಕುವುದು ಹೇಗೆ

ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಲ್ಲಿ ಮೊದಲ ಸಲ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಸಮುದ್ರದ ಹುಳು ತಾನೆ, ನೀರಿನ ಹತ್ತಿರವೇ ಇರುತ್ತದೆ ಅಂದುಕೊಂಡು, ಇಳಿತದ ಹೊತ್ತಿನಲ್ಲಿ ಕೆಳಗಿನ ಹೊಂಡಗಳಲ್ಲಿ ಮೊಣಕಾಲು ನೆನೆಸಿಕೊಂಡು ಎರಡು ಗಂಟೆ ತಡಕಾಡಿದೆ. ಅದು ಇದ್ದದ್ದು ಮೇಲೆ, ನಾನು ಬ್ಯಾಗ್ ಇಟ್ಟಿದ್ದ ಬಂಡೆಯಲ್ಲಿ!

ಇದರ ಹೆಸರು ಮೆಲರಾಫೆ ನೆರಿಟಾಯ್ಡಿಸ್. ಅಲ್ಲಿಯವರು ಸ್ಮಾಲ್ ಪೆರಿವಿಂಕಲ್ ಅಂತಾರೆ. ಯುರೋಪಿನ ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್ ತೀರಗಳಲ್ಲಿ ಸಿಗುತ್ತದೆ. ಸಾಮಾನ್ಯವಾಗಿ 5 ಮಿ.ಮೀ., ದೊಡ್ಡದು ಅಂದರೆ 9. (ಇದೇ ಮನೆತನದ ಹುಳುಗಳು ನಮ್ಮ ಕರಾವಳಿಯ ಬಂಡೆಗಳಲ್ಲೂ ಇವೆ, ಜಾತಿ ಬೇರೆ.)

ಅಲೆ ಜೋರಾಗಿ ಬಡಿಯುವ ಬಂಡೆ ಆರಿಸಿಕೊಳ್ಳಿ. ಉಬ್ಬರದ ಗೆರೆಗಿಂತ ಮೇಲೆ, ಟಾರು ಚೆಲ್ಲಿದ ಹಾಗೆ ಕಪ್ಪು ಪಟ್ಟಿ ಕಾಣುತ್ತದೆ ನೋಡಿ, ಅದು ಕೊಳೆಯಲ್ಲ, ಒಂದು ಬಗೆಯ ಕಲ್ಲುಹೂವು, ಈ ಹುಳುವಿನ ಊಟವೂ ಹೌದು. ಅಲೆ ಜೋರಿದ್ದಷ್ಟೂ ತುಂತುರು ಎತ್ತರಕ್ಕೆ ಹಾರುತ್ತದೆ, ಹುಳುವೂ ಅಷ್ಟು ಮೇಲೆ ಹೋಗುತ್ತದೆ. ಒದ್ದೆಯಾದರೆ ಆ ಕಪ್ಪು ಪಟ್ಟಿ ಸಿಕ್ಕಾಪಟ್ಟೆ ಜಾರುತ್ತದೆ. ಇಳಿತ ಶುರುವಾದ ಮೇಲೆಯೇ ಹೋಗಿ, ಒಳ್ಳೆ ಶೂ ಹಾಕಿಕೊಳ್ಳಿ.

ಈಗ ಬಿರುಕುಗಳಿಗೆ ಟಾರ್ಚ್ ಬಿಡಿ. ಬಂಡೆಗೆ ಅಂಟಿಕೊಂಡೇ ಬದುಕುವ ಚಿಪ್ಪಿನ ಜೀವಿ ಬಾರ್ನಕಲ್, ಸತ್ತವುಗಳ ಖಾಲಿ ಚಿಪ್ಪಿನೊಳಗೂ ನೋಡಿ. ಒಂದು ಸಿಕ್ಕರೆ ಪಕ್ಕದಲ್ಲೇ ಹತ್ತಿಪ್ಪತ್ತು ಇರುತ್ತವೆ. ಚೂಪು ತುದಿ, ನಯವಾದ ಕಪ್ಪು-ಕಂದು ಚಿಪ್ಪು. ಸುತ್ತಲೂ ಗೀರುಗಳು ಎದ್ದು ಕಂಡರೆ ಅದು ಬೇರೆ ಪೆರಿವಿಂಕಲ್‌ನ ಮರಿ ಇರಬಹುದು.

ಒಣಗಿದ ದಿನ ಹುಳು ಅಲ್ಲಾಡುವುದಿಲ್ಲ. ಸತ್ತಿದೆ ಅಂದುಕೊಳ್ಳಬೇಡಿ. ಕಾಲು ಒಳಗೆಳೆದುಕೊಂಡು, ಚಿಪ್ಪಿನ ಬಾಯಿಗೆ ಮುಚ್ಚಳ ಹಾಕಿ, ಅದರ ಅಂಚನ್ನು ಲೋಳೆಯಿಂದ ಕಲ್ಲಿಗೆ ಅಂಟಿಸಿ ಸುಮ್ನೆ ಕೂತಿರುತ್ತದೆ. ಸ್ವಲ್ಪ ಸಮುದ್ರದ ನೀರು ಚಿಮುಕಿಸಿ ಕಾಯಿರಿ. ಮೊದಲು ಚಿಪ್ಪು ಕೊಂಚ ಮೇಲೇಳುತ್ತದೆ, ಆಮೇಲೆ ಕೂದಲೆಳೆಯಂಥ ಎರಡು ಮೀಸೆ ಹೊರಬರುತ್ತವೆ.

ನನಗೆ ಇದರಲ್ಲಿ ಜಾಸ್ತಿ ಇಷ್ಟವಾದದ್ದು ದಾರಿ ಹುಡುಕುವ ರೀತಿ. 1920ರ ದಶಕದಲ್ಲಿ ಗಾಟ್‌ಫ್ರೀಡ್ ಫ್ರೆಂಕೆಲ್ ಎಂಬ ಪ್ರಾಣಿವಿಜ್ಞಾನಿ ಇದನ್ನು ಪರೀಕ್ಷಿಸಿ ನೋಡಿದ್ದ. ಹುಳು ಯಾವಾಗಲೂ ಮೇಲಕ್ಕೇ ಹತ್ತುತ್ತದೆ, ಬೆಳಕು ಕಂಡರೆ ದೂರ ಸರಿಯುತ್ತದೆ, ಹಾಗಾಗಿ ಬಿರುಕಿನೊಳಗೆ ಸೇರಿಕೊಳ್ಳುತ್ತದೆ. ಹಾಗಾದರೆ ನೀರಿನ ಕೆಳಗಿನ ಬಿರುಕಿಗೆ ನುಗ್ಗಿದರೆ ಅಲ್ಲೇ ಸಿಕ್ಕಿಬೀಳಬೇಕು ಅಲ್ವಾ? ಇಲ್ಲ. ನೀರಿನಲ್ಲಿ ಮುಳುಗಿ, ಚಾವಣಿಗೆ ತಲೆಕೆಳಗಾಗಿ ಅಂಟಿದ ಕೂಡಲೇ ಅದೇ ಹುಳು ಬೆಳಕಿನ ಕಡೆ ಹೊರಡುತ್ತದೆ, ಬಿರುಕಿನಿಂದ ಆಚೆ ಬಂದು ಮತ್ತೆ ಮೇಲೆ ಹತ್ತುತ್ತದೆ. ನೀರಿಲ್ಲದಿದ್ದರೆ ತಲೆಕೆಳಗಾದರೂ ಕತ್ತಲಲ್ಲೇ ಉಳಿಯುತ್ತದೆ.

ಮೊಟ್ಟೆ ಹುಡುಕುತ್ತಾ ಕೂರಬೇಡಿ. ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಉಬ್ಬರದ ನೀರು ಮೇಲೆ ಬಂದಾಗ ಅವನ್ನು ಸಮುದ್ರಕ್ಕೇ ಬಿಟ್ಟುಬಿಡುತ್ತದೆ. ಮರಿಗಳು ತೇಲಾಡಿ ಬೆಳೆದು ಬಂಡೆಗೆ ಬಂದು ಸೇರುತ್ತವೆ.

ನೋಡೋಕೆ ಒಂದನ್ನು ಕಿತ್ತಿದ್ದರೆ ಅದೇ ಬಿರುಕಿಗೆ, ಬಾಯಿ ಕಲ್ಲಿನ ಕಡೆ ಮಾಡಿ ಇಡಿ. ಮಗುಚಿ ಇಟ್ಟರೆ ಗಾಳಿಗೆ ಉರುಳಿಹೋಗುತ್ತದೆ.