ಎರಡು ಡ್ರೈವ್ ಇರೋ ಲ್ಯಾಪ್‌ಟಾಪ್‌ಗೆ ಲಿನಕ್ಸ್: ವಿಂಡೋಸ್ ಕೆಡದಂತೆ ಹಾಕೋದು ಹೇಗೆ?

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಕೆ ಆಗಲ್ಲ ಅಂತ ಚೆನ್ನಾಗಿರೋ ಲ್ಯಾಪ್‌ಟಾಪ್ ಎಸೆಯೋಕಾಗುತ್ತಾ? ಒಂದು ಚಿಕ್ಕ ಎಸ್‌ಎಸ್‌ಡಿ, ಜೊತೆಗೊಂದು 1 ಟಿಬಿ ಹಾರ್ಡ್ ಡಿಸ್ಕ್ ಇರೋ ಮಾದರಿ ನಿಮ್ಮದಾಗಿದ್ದರೆ ವಿಂಡೋಸ್ ಅದರ ಪಾಡಿಗಿರಲಿ, ಎರಡನೇ ಡ್ರೈವ್‌ಗೆ, ಅಂದರೆ ಹಾರ್ಡ್ ಡಿಸ್ಕ್‌ಗೆ, ವಿಂಡೋಸ್ ಥರದ್ದೇ ಉಚಿತ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಹಾಕಿಕೊಳ್ಳಿ. ನಾನಿಲ್ಲಿ ಹೇಳ್ತಿರೋದು ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ 22ರ ವಿಷಯ. ಹೊಸಬರಿಗೆ ಅದೇ ಸುಲಭ.

ಮೊದಲ ಕೆಲಸ ವಿಂಡೋಸ್‌ನಲ್ಲೇ ಇದೆ. ಫೈಲ್‌ಗಳನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ, ಇದರಲ್ಲಿ ಸೋಮಾರಿತನ ಬೇಡ. ಡ್ರೈವ್‌ಗೆ ಬೀಗ ಹಾಕೋ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಬರೆದಿಡಿ, ಬಯೋಸ್‌ನಲ್ಲಿ (ಲ್ಯಾಪ್‌ಟಾಪ್ ಆನ್ ಆದಾಗ ಮೊದಲು ಏಳೋ ಸಾಫ್ಟ್‌ವೇರ್) ಏನಾದರೂ ಬದಲಾದ ತಕ್ಷಣ ವಿಂಡೋಸ್ ಅದನ್ನು ಕೇಳಬಹುದು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಶಟ್‌ಡೌನ್ ಆಗೋದೇ ಇಲ್ಲ. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಎರಡನೇ ಡ್ರೈವ್‌ನ ಪಾರ್ಟಿಷನ್ (ಡ್ರೈವ್‌ನ ಒಂದು ಭಾಗ) ಮೇಲೆ ರೈಟ್ ಕ್ಲಿಕ್ ಮಾಡಿ 'ಶ್ರಿಂಕ್ ವಾಲ್ಯೂಮ್' ಕೊಡಿ. 100 ಜಿಬಿ ಖಾಲಿ ಬಿಟ್ಟರೆ ಧಾರಾಳ.

ಮಿಂಟ್‌ನ ಐಎಸ್‌ಒ ಫೈಲ್ (ಇನ್‌ಸ್ಟಾಲ್ ಮಾಡೋಕೆ ಬೇಕಾದ ಫೈಲ್) ಇಳಿಸಿಕೊಂಡು ರೂಫಸ್ ಅನ್ನೋ ತಂತ್ರಾಂಶ ಬಳಸಿ 8 ಜಿಬಿ ಪೆನ್‌ಡ್ರೈವ್‌ಗೆ ಬರೆಯಿರಿ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತೆ. ಅದನ್ನು ಚುಚ್ಚಿ ರೀಸ್ಟಾರ್ಟ್ ಮಾಡಿ ಬೂಟ್ ಮೆನು ತೆರೆಯಿರಿ. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಅಲ್ಲಿ ಪೆನ್‌ಡ್ರೈವ್ ಆರಿಸಿದರೆ ಮಿಂಟ್ ಅದರಿಂದಲೇ ತೆರೆದುಕೊಳ್ಳುತ್ತೆ, ಇದೇ ಲೈವ್ ಪರದೆ.

ಜಾಸ್ತಿ ಜನ ಎಡವೋದು ಇಲ್ಲಿಂದ ಮುಂದೆ. ಲಿನಕ್ಸನ್ನು ಎರಡನೇ ಡ್ರೈವ್‌ಗೆ ಹಾಕಿದರೂ, ಮಿಂಟ್‌ನ ಇನ್‌ಸ್ಟಾಲರ್ ಬೂಟ್ ಫೈಲ್‌ಗಳನ್ನು ಮಾತ್ರ ತನಗೆ ಮೊದಲು ಕಂಡ ಇಎಫ್‌ಐ ಪಾರ್ಟಿಷನ್‌ಗೆ (ಬೂಟ್ ಫೈಲ್‌ಗಳಿರೋ ಚಿಕ್ಕ ಭಾಗ), ಅಂದರೆ ಸಾಮಾನ್ಯವಾಗಿ ವಿಂಡೋಸ್ ಡ್ರೈವ್‌ಗೇ, ತಳ್ಳಿಬಿಡುತ್ತೆ. ಕೆಳಗಡೆ 'ಡಿವೈಸ್ ಫಾರ್ ಬೂಟ್ ಲೋಡರ್' ಅಂತ ಕೇಳುವಲ್ಲಿ ಎರಡನೇ ಡ್ರೈವ್ ಆರಿಸಿದರೂ ಎಷ್ಟೋ ಸಲ ಲೆಕ್ಕಕ್ಕೇ ತಗೊಳ್ಳಲ್ಲ. ಬೇರೆ ಮನೆ ಮಾಡಿಕೊಂಡು ಬೀಗದ ಕೈ ಹಳೇ ಮನೆಯಲ್ಲೇ ಬಿಟ್ಟ ಹಾಗೆ. ನಾಳೆ ವಿಂಡೋಸ್ ಡ್ರೈವ್ ಕೆಟ್ಟರೆ ಲಿನಕ್ಸೂ ಏಳಲ್ಲ.

ಹಾಗಾಗಿ ಇನ್‌ಸ್ಟಾಲ್ ಒತ್ತೋ ಮೊದಲು ಮಿಂಟ್‌ನ ಲೈವ್ ಪರದೆಯಲ್ಲೇ ಜಿಪಾರ್ಟೆಡ್ ಅನ್ನೋ ಪಾರ್ಟಿಷನ್ ತಂತ್ರಾಂಶ ತೆರೆಯಿರಿ. ಮೇಲೆ ಬಲಗಡೆ ಡ್ರೈವ್‌ಗಳ ಪಟ್ಟಿ ಇರುತ್ತೆ. ಎನ್‌ವಿಎಂಇ ಅಂತ ಶುರುವಾಗೋದು ಎಸ್‌ಎಸ್‌ಡಿ, ಎಸ್‌ಡಿಎ ಅಂತಿರೋದು ಬಹುಶಃ ಹಾರ್ಡ್ ಡಿಸ್ಕ್. ಬಹುಶಃ ಅಂದಿದ್ದು ಯಾಕಂದ್ರೆ ಪೆನ್‌ಡ್ರೈವ್ ಕೂಡ ಅದೇ ಹೆಸರಲ್ಲಿ ಬರಬಹುದು. ಹೆಸರು ನಂಬಬೇಡಿ, ಸೈಜ್ ನೋಡಿ. ಎಸ್‌ಎಸ್‌ಡಿಯೇ ಕಾಣದಿದ್ದರೆ ಗಾಬರಿ ಬೇಡ, ಬಯೋಸ್‌ನಲ್ಲಿ ಇಂಟೆಲ್ ಆರ್‌ಎಸ್‌ಟಿ ಅನ್ನೋ ಡ್ರೈವ್ ಸೆಟ್ಟಿಂಗ್ ಆನ್ ಇರಬಹುದು. ನಮಗೆ ಬೇಕಿರೋದು ಹಾರ್ಡ್ ಡಿಸ್ಕ್, ಅದು ಕಂಡರೆ ಸಾಕು, ಆ ಸೆಟ್ಟಿಂಗ್ ಸುಮ್ನೆ ಬದಲಾಯಿಸಿದರೆ ವಿಂಡೋಸ್ ಏಳದೆ ಕೂರಬಹುದು. ಎಸ್‌ಎಸ್‌ಡಿ ಕಾಣಿಸಿದರೆ ಅದರಲ್ಲಿರೋ ಚಿಕ್ಕ ಫ್ಯಾಟ್32 ಪಾರ್ಟಿಷನ್ ಹುಡುಕಿ, ಸಾಮಾನ್ಯವಾಗಿ 100 ಎಂಬಿ ಅಥವಾ ಸ್ವಲ್ಪ ಜಾಸ್ತಿ ಇರುತ್ತೆ. ರೈಟ್ ಕ್ಲಿಕ್, 'ಮ್ಯಾನೇಜ್ ಫ್ಲ್ಯಾಗ್ಸ್', ಅಲ್ಲಿ ಬೂಟ್ ಮತ್ತು ಇಎಸ್‌ಪಿ ಟಿಕ್ ತೆಗೆಯಿರಿ. ಈಗ ಇನ್‌ಸ್ಟಾಲರ್‌ಗೆ ಅದು ಇಎಫ್‌ಐ ಪಾರ್ಟಿಷನ್ ಅಂತ ಗೊತ್ತಾಗಲ್ಲ.

ಇನ್‌ಸ್ಟಾಲರ್ ಎಲ್ಲಿಗೆ ಹಾಕಲಿ ಅಂತ ಕೇಳಿದಾಗ 'ಸಮ್‌ಥಿಂಗ್ ಎಲ್ಸ್' ಆರಿಸಿ. ಖಾಲಿ ಬಿಟ್ಟ ಜಾಗದಲ್ಲಿ ಮೊದಲು 512 ಎಂಬಿಯ ಇಎಫ್‌ಐ ಪಾರ್ಟಿಷನ್, ಉಳಿದದ್ದು ಎಕ್ಸ್ಟ್4 (ಲಿನಕ್ಸ್‌ನ ಫೈಲ್ ವ್ಯವಸ್ಥೆ), ಮೌಂಟ್ ಪಾಯಿಂಟ್ ಅಂತ ಕೇಳುವಲ್ಲಿ ಬರೀ ಒಂದು ಸ್ಲ್ಯಾಶ್ (/). ಸ್ವಾಪ್‌ಗೆ (ರ‍್ಯಾಮ್ ಸಾಲದಿದ್ದಾಗ ಬಳಸೋ ಜಾಗ) ಬೇರೆ ಪಾರ್ಟಿಷನ್ ಬೇಕಿಲ್ಲ, ಅದು ಫೈಲ್ ಆಗಿ ತಾನೇ ಸೇರಿಕೊಳ್ಳುತ್ತೆ. ಮುಗಿದ ಮೇಲೆ ತಕ್ಷಣ ರೀಸ್ಟಾರ್ಟ್ ಮಾಡಬೇಡಿ. ಜಿಪಾರ್ಟೆಡ್‌ಗೆ ಮತ್ತೆ ಹೋಗಿ ತೆಗೆದ ಟಿಕ್‌ಗಳನ್ನು ವಾಪಸ್ ಹಾಕಿ.

ಹೊಸ ಮಿಂಟ್ ತೆರೆದುಕೊಂಡ ಮೇಲೆ ಟರ್ಮಿನಲ್‌ನಲ್ಲಿ ಎಲ್‌ಎಸ್‌ಬಿಎಲ್‌ಕೆ (lsblk) ಅಂತ ಇಂಗ್ಲಿಷ್ ಚಿಕ್ಕಕ್ಷರದಲ್ಲಿ ಟೈಪ್ ಮಾಡಿ. ಬೂಟ್-ಇಎಫ್‌ಐ (/boot/efi) ಅನ್ನೋದು ಹಾರ್ಡ್ ಡಿಸ್ಕ್‌ನ ಕೆಳಗೆ ಕಂಡರೆ ಗೆದ್ದಿರಿ.

ವಿಂಡೋಸ್‌ಗೆ ವಾಪಸ್ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದಿದ್ದರೆ ಏನೂ ಕೆಟ್ಟಿಲ್ಲ. ಲಿನಕ್ಸ್ ಮದರ್‌ಬೋರ್ಡ್‌ನ ಗಡಿಯಾರವನ್ನು ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇಡುತ್ತೆ, ವಿಂಡೋಸ್ ಅದನ್ನೇ ಭಾರತದ ಸಮಯ ಅಂದುಕೊಳ್ಳುತ್ತೆ, ಅಷ್ಟೇ. ಕನ್ನಡ ಟೈಪಿಂಗ್‌ಗೆ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ 'ಕನ್ನಡ ಕಗಪ' ವಿನ್ಯಾಸ ಸಿಗುತ್ತೆ, ನುಡಿ ತಂತ್ರಾಂಶ ಬಳಸಿದವರಿಗೆ ಅದು ಹೊಸದೇನಲ್ಲ.