ಅಂಗಡಿಯವರು ಜಾತಿಯ ಕಾರಣಕ್ಕೆ ಸೇವೆ ನಿರಾಕರಿಸಿದರೆ ದೂರು ಕೊಡುವುದು ಹೇಗೆ?

ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ದಲಿತರಿಗೆ ಕ್ಷೌರ ಮಾಡಲು ಒಲ್ಲೆನೆಂದ, ಹೋಟೆಲಿನಲ್ಲಿ ಚಹಾಕ್ಕೆ ಬೇರೆ ಲೋಟ ಕೊಟ್ಟ ಪ್ರಕರಣಗಳಲ್ಲಿ ಬರೆದ ಹಲವು ದೂರುಗಳನ್ನು ನಾನು ಓದಿದ್ದೇನೆ. ಅವು ದುರ್ಬಲವಾಗಿದ್ದುದಕ್ಕೆ ಕಾನೂನಿನ ಕೊರತೆ ಕಾರಣವಲ್ಲ, ಬರೆದ ರೀತಿ ಕಾರಣ.

ಕಾನೂನು ಸ್ಪಷ್ಟವಾಗಿಯೇ ಇದೆ. ಅಂಗಡಿ, ಹೋಟೆಲುಗಳ ಪ್ರವೇಶದಲ್ಲಿ ಜಾತಿ, ಧರ್ಮ, ಲಿಂಗ ಮೊದಲಾದವುಗಳ ಭೇದವನ್ನು ಸಂವಿಧಾನದ 15(2)ನೇ ವಿಧಿ ನಿಷೇಧಿಸಿದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಕ್ಷೌರದಂಗಡಿ, ಲಾಂಡ್ರಿ, ಸಾಮಾನು ಮಾರುವ ಗಾಡಿ ಎಲ್ಲವೂ ಅಂಗಡಿಗಳೇ. ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸಿದವರಿಗೆ 1ರಿಂದ 6 ತಿಂಗಳವರೆಗೆ ಸೆರೆವಾಸವಿದೆ. ಅಂಗಡಿಯ ಪರವಾನಗಿಯೂ ರದ್ದಾಗಬಹುದು. ನಿರಾಕರಿಸಿದವರು ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರದವರಾದರೆ 1989ರ ದೌರ್ಜನ್ಯ ತಡೆ ಕಾಯ್ದೆಯ ಕಲಂ 3(1) ಕೂಡ ಅನ್ವಯಿಸಬಹುದು. ಅಲ್ಲಿ ಶಿಕ್ಷೆ 6 ತಿಂಗಳಿಂದ 5 ವರ್ಷ.

ಘಟನೆ ನಡೆದಾಗ ಜಗಳಕ್ಕೆ ಇಳಿಯದೆ ಸಾಕ್ಷಿಗಳನ್ನು ಗುರುತಿಸಿಕೊಳ್ಳಿ. ವಿಡಿಯೊ ಮಾಡಿದ್ದರೆ ಮೂಲ ಕಡತವನ್ನು ಅದೇ ಮೊಬೈಲಿನಲ್ಲಿ ಉಳಿಸಿಕೊಳ್ಳಿ. ಅದನ್ನು ಮೊದಲು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹರಿಬಿಡಬೇಡಿ. ಹರಿಬಿಟ್ಟರೆ ದೂರು ದಾಖಲಾಗುವ ಮೊದಲೇ ರಾಜಿಯ ಒತ್ತಡ ಆರಂಭವಾಗುತ್ತದೆ.

ಇನ್ನು ಬರವಣಿಗೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ‘ಜಾತಿ ನಿಂದನೆ ಮಾಡಿ ಅವಮಾನಿಸಿದರು’ ಎಂಬ ಒಂದು ಸಾಲು ಬರೆದು ಸಹಿ ಹಾಕಿದರೆ, ಸೇವೆ ನಿರಾಕರಿಸಿದ ಮುಖ್ಯ ಸಂಗತಿಯೇ ಕಡತದಿಂದ ಬಿಟ್ಟುಹೋಗುತ್ತದೆ. ಟೈಪಿಂಗ್ ಅಂಗಡಿಗಳಲ್ಲಿ ಹೆಸರು ಮಾತ್ರ ಬದಲಿಸಿ ಕೊಡುವ ಸಿದ್ಧ ನಮೂನೆಯನ್ನಂತೂ ಬಳಸಲೇಬೇಡಿ. ನಿಮಗೆ ಆಗದ ಘಟನೆಯೂ ಅದರಲ್ಲಿ ಸೇರಿಕೊಂಡು, ಪಾಟೀ ಸವಾಲಿನಲ್ಲಿ (ಎದುರು ಪಕ್ಷದ ವಕೀಲರು ಪ್ರಶ್ನಿಸುವಾಗ) ನಿಮ್ಮನ್ನೇ ಸುಳ್ಳುಗಾರರನ್ನಾಗಿ ಮಾಡುತ್ತದೆ. ಕೈಬರಹದ ದೂರೇ ಉತ್ತಮ. ನಿಮ್ಮ ಜಾತಿ, ದಿನಾಂಕ, ಹೊತ್ತು, ಅಂಗಡಿ ಇರುವ ಜಾಗ, ನೀವು ಕೇಳಿದ್ದೇನು, ಅವರು ಆಡಿದ್ದೇನು ಎಂಬುದನ್ನು ಕ್ರಮವಾಗಿ ಬರೆಯಿರಿ. ‘ಬ್ಲೇಡ್ ಇಲ್ಲ’, ‘ಇವತ್ತು ರಜೆ’ ಎಂಬ ನೆವ ಹೇಳಿದ್ದರೆ ಅದನ್ನೂ ಇದ್ದ ಹಾಗೆಯೇ ಬರೆಯಿರಿ; ಅದರ ಕೆಳಗೆ, ‘ಇದಾದ ಮೇಲೆ ನಾನು ಹೊರಗೆ ನಿಂತಿದ್ದಾಗಲೇ ಇನ್ನಿಬ್ಬರಿಗೆ ಅದೇ ಕುರ್ಚಿಯಲ್ಲಿ ಕ್ಷೌರ ಮಾಡಿದರು’ ಎಂದು ಕಂಡದ್ದನ್ನು ಸೇರಿಸಿ. ಆ ಒಂದು ವಾಕ್ಯ ಹತ್ತು ಬೈಗುಳಗಳ ಪಟ್ಟಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಅಂಗಡಿಯವರಿಗೆ ನಿಮ್ಮ ಮನೆತನದ ಪರಿಚಯವಿದ್ದರೆ ಅದನ್ನು ಬರೆಯಲು ಮರೆಯಬೇಡಿ, ಏಕೆಂದರೆ ಪರಿಚಯವಿದ್ದವರಿಗೆ ಜಾತಿ ತಿಳಿದಿತ್ತೆಂದೇ ದೌರ್ಜನ್ಯ ತಡೆ ಕಾಯ್ದೆಯಡಿ ನ್ಯಾಯಾಲಯ ಭಾವಿಸುತ್ತದೆ; ಹಾಗಲ್ಲವೆಂದು ಸಾಬೀತುಪಡಿಸುವ ಹೊಣೆ ಎದುರಿನವರದು. ಪರಿಶಿಷ್ಟ ಜಾತಿಯವರ ವಿಷಯದಲ್ಲಿ ನಿರಾಕರಣೆಗೆ ಅಸ್ಪೃಶ್ಯತೆಯೇ ಕಾರಣವೆಂದು ಭಾವಿಸಲು 1955ರ ಕಾಯ್ದೆಯ ಕಲಂ 12 ಕೂಡ ಇದೆ.

ಠಾಣೆಯಲ್ಲಿ ಅರ್ಜಿ ಸ್ವೀಕರಿಸಿದ ಚೀಟಿಗೆ ತೃಪ್ತರಾಗಬೇಡಿ. ಎಫ್‌ಐಆರ್ ಪ್ರತಿಯನ್ನು ಕೇಳಿ ಪಡೆಯಿರಿ, ಅದಕ್ಕೆ ಹಣ ಕೊಡಬೇಕಾಗಿಲ್ಲ. ‘ಮೊದಲು ವಿಚಾರಣೆ ಮಾಡುತ್ತೇವೆ’ ಎಂದರೆ, ದೌರ್ಜನ್ಯ ತಡೆ ಕಾಯ್ದೆಯ ಕಲಂ 18ಎ ಪ್ರಕಾರ ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆಯ ಅಗತ್ಯವಿಲ್ಲ ಎಂದು ವಿನಯದಿಂದಲೇ ಹೇಳಿ. ಬಾಯಿಮಾತಿನ ದೂರಾದರೆ ಬರೆದುಕೊಂಡದ್ದನ್ನು ಓದಿಸಿ ಕೇಳಿದ ಮೇಲೆಯೇ ಸಹಿ ಮಾಡಿ. ಊರ ಹಿರಿಯರು ಠಾಣೆಯಲ್ಲೇ ಕುಳಿತು ರಾಜಿಪತ್ರ ಬರೆಸಲು ಬಂದರೆ ಒಪ್ಪಬಾರದು ಎಂಬುದು ನನ್ನ ಖಚಿತ ಸಲಹೆ.

ಠಾಣೆ ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ರಸೀದಿ ಜೋಪಾನ ಮಾಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಪರಿಶಿಷ್ಟರಿಗೆ ವಕೀಲರ ನೆರವು ಉಚಿತ; ಆದಾಯದ ಮಿತಿ ಇಲ್ಲ. ದೌರ್ಜನ್ಯ ತಡೆ ಕಾಯ್ದೆಯಡಿ ದಾಖಲಾದ ಪ್ರಕರಣದ ತನಿಖೆಯನ್ನು ಡಿವೈಎಸ್‌ಪಿ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿ ನಡೆಸಿ 60 ದಿನಗಳಲ್ಲಿ ದೋಷಾರೋಪ ಪಟ್ಟಿ ಸಲ್ಲಿಸಬೇಕು. ಆ ಗಡುವು ಮೀರಿದರೆ ಎಫ್‌ಐಆರ್ ಸಂಖ್ಯೆ ನಮೂದಿಸಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಾಗೃತಿ ಸಮಿತಿಗೆ ಲಿಖಿತವಾಗಿ ತಿಳಿಸಿ.